ಸ್ಕ್ರೀನಿಲ್ಲದ ಲೇಥು

ನನ್ನ ಓರಗಿತ್ತಿಯನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಅವರಿವರ ಬಾಯಿಂದ ಕೇಳುವುದು ಬೇಡ. ಹಾಗಂತ ಅವಳೇನೂ ಕೆಟ್ಟವಳಲ್ಲ. ಅದೇ ನನ್ನ ಸಂಕಟ. ಕೆಟ್ಟವಳಾಗಿದ್ದರೆ ಎದುರಿಗೇ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದಿದೆಯಲ್ಲ, ಅದರಷ್ಟು ಸುಸ್ತು ಮಾಡುವ ಕೆಲಸ ಇನ್ನೊಂದಿಲ್ಲ.

ನಮ್ಮದು ಮನೆಗೆ ಅಂಟಿಕೊಂಡೇ ಇರುವ ವರ್ಕ್‌ಶಾಪು. ಅಡುಗೆಮನೆಯ ಹಿಂಬಾಗಿಲು ತೆರೆದರೆ ಕಬ್ಬಿಣದ ಚೂರು, ಮೆಷೀನು ತಣಿಸುವ ಕೂಲಂಟಿನ ವಾಸನೆ. ಮಾವ ಯಜಮಾನರು. ನಮ್ಮವರು ಆರ್ಡರು ತರುವುದು, ಮಾಲು ಮುಟ್ಟಿಸುವುದು ನೋಡಿಕೊಳ್ಳುತ್ತಾರೆ. ಮೈದುನ ಕೈಯಲ್ಲಿ ಓಡಿಸುವ ಎರಡು ಲೇಥುಗಳ ಮೇಲಿರುತ್ತಾನೆ. ಮೂಲೆಯಲ್ಲಿರುವ, ಪ್ರೋಗ್ರಾಮು ಕೊಟ್ಟರೆ ತಾನೇ ಕಬ್ಬಿಣ ಕಡೆಯುವ ಸಿಎನ್‌ಸಿ ಲೇಥು ನನ್ನದು. ನನ್ನದು ಅಂದರೆ ಕಾಗದದ ಪ್ರಕಾರ ಅಲ್ಲ, ಕೈಯ ಪ್ರಕಾರ. ಮಾವ ಅದನ್ನು ಯಾರೋ ಓಡಿಸಿ ಬಿಟ್ಟಿದ್ದನ್ನು ಕೊಂಡು ತಂದಾಗ ನಾನು ಮದುವೆಯಾಗಿ ಬಂದ ಹೊಸದು. ಮೆಕ್ಯಾನಿಕ್ಕು ಬಂದು ಗಂಡಸರಿಗೆ ಹೇಳಿಕೊಡುತ್ತಿದ್ದ. ಟೀ ಕೊಡಲು ಹೋದವಳು ನಾನು, ಖಾಲಿ ತಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಅವನು ಹೊರಟ ಮೇಲೆ ಗಂಡಸರು ಆ ಗುಂಡಿಗಳ ಸಾಲು ನೋಡಿ ಮುಖ ಮುಖ ನೋಡಿಕೊಂಡರು. ನಾನು ಹೋಗಿ ಒತ್ತಿದೆ. ಅದು ಓಡಿತು.

ಅಂದಿನಿಂದ ಮಾವ ಬಂದವರಿಗೆಲ್ಲ, "ನಮ್ಮ ಮನೆ ಇಂಜಿನಿಯರು ಇವಳೇ ಕಣ್ರೀ" ಅನ್ನುತ್ತಿದ್ದರು. ನಾನು ಏನೂ ಕೇಳಿಸದವಳ ಹಾಗೆ, ಕಬ್ಬಿಣ ಕಚ್ಚಿ ಹಿಡಿಯುವ ಚಕ್ ಒರೆಸುತ್ತಿದ್ದೆ. ಕೇಳಿಸುತ್ತಿತ್ತು. ಚೆನ್ನಾಗಿ ಕೇಳಿಸುತ್ತಿತ್ತು.

ಆಮೇಲೆ ಮೈದುನನ ಮದುವೆಯಾಗಿ ಇವಳು ಬಂದಳು. ಎಲ್ಲರೂ ಅವಳನ್ನು ಚಿಕ್ಕವಳು ಅಂತಲೇ ಕರೆಯುವುದು, ನಾನು ದೊಡ್ಡವಳು. ಅವಳ ಅಪ್ಪ ಟೀವಿ ರಿಪೇರಿ ಅಂಗಡಿಯವರು. ಗೊಂಬೆ ಆಡುವ ವಯಸ್ಸಿನಲ್ಲಿ ಇವಳು ಬೆಸುಗೆ ಕಡ್ಡಿ ಹಿಡಿದವಳಂತೆ. ಬಂದು ಬಟ್ಟೆ ಪೆಟ್ಟಿಗೆ ಬಿಚ್ಚುವುದಕ್ಕೆ ಮೊದಲೇ ಮಾವನ ರೇಡಿಯೋ ಬಿಚ್ಚಿದಳು. ಅದು ಹಾಡಿತು. ಮಿಕ್ಸಿ ತಿರುಗಿತು. ಬಾಗಿಲ ಬೆಲ್ಲು ಕೂಗಿತು. ಆಹಾಹಾ, ಮಾವನ ಮುಖ ನೋಡಬೇಕಿತ್ತು! "ಚಿಕ್ಕವಳನ್ನ ಕರೀರಿ, ಚಿಕ್ಕವಳನ್ನ ಕರೀರಿ" ಅಂತ ಒಂದೇ ಜಪ. ಕರೆಂಟು ಅಳೆಯುವ ತಮ್ಮ ಮೀಟರನ್ನು, ಯಾರು ಮುಟ್ಟಿದರೂ ಸಿಡುಕುತ್ತಿದ್ದ ಆ ಮೀಟರನ್ನು, ಅವಳ ಕೈಗೇ ಕೊಟ್ಟುಬಿಟ್ಟರು. ಇಷ್ಟು ವರ್ಷದಲ್ಲಿ ನನಗೆ ಅದರ ವಯರು ಸುತ್ತಿಡುವುದಕ್ಕೂ ಕೊಟ್ಟವರಲ್ಲ.

ಅದನ್ನೂ ನುಂಗಿಕೊಂಡೆ. ಒಂದು ದಿನ ಮಾವ ಬಂದು, "ನೋಡಮ್ಮ ದೊಡ್ಡವಳೇ, ಅವಳಿಗೂ ಸಿಎನ್‌ಸಿ ಸ್ವಲ್ಪ ಹೇಳ್ಕೊಡು. ನಿನಗೆ ಹುಷಾರಿಲ್ಲದ ದಿನಕ್ಕೆ ಆಗುತ್ತೆ" ಅಂದರು. ನನಗೆ ಹುಷಾರಿಲ್ಲದ ದಿನ! ಜ್ವರ ಬಂದು ಮೈ ಕೆಂಡವಾಗಿದ್ದಾಗಲೂ ಆ ಮೆಷೀನಿನ ಮುಂದೆ ನಿಂತವಳು ನಾನು. ಹೇಳಿಕೊಟ್ಟೆ, ಇಲ್ಲ ಅನ್ನಲಿಲ್ಲ. ಆದರೆ ಸ್ಕ್ರೀನಿಗೆ ಅಡ್ಡ ನಿಂತು, ಬಾಯಲ್ಲಿ ಗೊಣಗಿಕೊಂಡು, ಗುಂಡಿಗಳನ್ನು ಪಟಪಟ ಒತ್ತಿ ಹೇಳಿಕೊಟ್ಟೆ. ಅವಳಿಗೆ ಕಂಡಿದ್ದು ನನ್ನ ಮೊಣಕೈ ಒಂದೇ. ಆದರೂ ಮೊಂಡಿ, ದಿನಾ ಬಂದು ಹಿಂದೆ ನಿಲ್ಲುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಮೇನ್ ಸ್ವಿಚ್ ಹಾಕಿದೆ, ಫ್ಯಾನಿನ ಸದ್ದು ಬಂತು, ಹಸಿರು ಗುಂಡಿ ಒತ್ತಿದೆ, ಒಳಗೆ ಟಕ್ ಅಂದಿತು, ಸ್ಕ್ರೀನು ಮಾತ್ರ ಬರಲಿಲ್ಲ. ಅದು ಹಳೇ ಕಾಲದ ದಪ್ಪ ಗಾಜಿನ ಮಾನಿಟರು. ಹಸಿರು ಅಕ್ಷರಗಳು ನಿದ್ದೆಯಿಂದ ಏಳುವವರ ಹಾಗೆ ನಿಧಾನಕ್ಕೆ ಬರುತ್ತವೆ. ಕಾದೆ. ಕಪ್ಪು. ಬೆಳಕಿನ ತಿರುಪು ಅತ್ತಿತ್ತ ತಿರುಗಿಸಿದೆ. ಕಪ್ಪು. ಪಕ್ಕಕ್ಕೆ ಒಂದು ಗುದ್ದಿದೆ. ಮಾವ ಬಂದು ಅವರೂ ಒಂದು ಗುದ್ದಿದರು. ಮೈದುನ ಬಂದು, ಅತ್ತಿಗೆ, ಅಪ್ಪ ಗುದ್ದಿದ ಜಾಗ ಸರಿಯಿಲ್ಲ ಅನ್ನುವ ಹಾಗೆ, ಇನ್ನೊಂದು ಮಗ್ಗುಲಿಗೆ ಗುದ್ದಿದ. ನಮ್ಮವರು ಗುದ್ದಲು ಕೈ ಎತ್ತುವಷ್ಟರಲ್ಲಿ ನಾನು ತಡೆದೆ.

"ಮುಗೀತು ಇದರ ಕಥೆ, ಗುಜರಿಗೆ ಹಾಕೋದೇ" ಅಂದರು ಮಾವ.

"ಇರಿ ಮಾವ" ಅಂದೆ. ಎರಡು ಗುಂಡಿ ಒತ್ತಿ ಮೆಷೀನನ್ನು ಅದರ ಹೋಮ್ ಜಾಗಕ್ಕೆ, ಅಂದರೆ ಕೆಲಸ ಶುರುಮಾಡುವ ಜಾಗಕ್ಕೆ, ಕಳಿಸಿದೆ. ಟೂಲು ಹೊತ್ತ ಟರೆಟ್ಟು ಸರಿದು ಹೋಗಿ ನಿಂತಿತು, ತಲುಪಿದೆ ಅನ್ನುವ ಎರಡು ಪುಟ್ಟ ದೀಪ ಹೊತ್ತಿದವು. ಅಂದರೆ ಮೆಷೀನಿಗೆ ಜೀವ ಇದೆ, ಮುಖ ಮಾತ್ರ ಇಲ್ಲ. ನನ್ನ ಬೆರಳಿಗೆ ಆ ಗುಂಡಿಗಳೆಲ್ಲ ಬಾಯಿಪಾಠ. ಕಣ್ಣು ಮುಚ್ಚಿ ಪ್ರೋಗ್ರಾಮಿನ ನಂಬರು ಒತ್ತಿದೆ, ಶುರುಮಾಡಿದೆ. ಚಕ್ ತಿರುಗಿತು, ಚೂರು ಹಾರಿತು, ಶಾಫ್ಟು ಹೊರಬಂತು. ಮಾವ ಅಳತೆ ಹಿಡಿದು ನೋಡಿದರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

"ಎಲಾ ಇವಳ! ಸ್ಕ್ರೀನೇ ಇಲ್ದೆ!" ಅಂತ ಅವರು ಪಕ್ಕದ ಶೆಡ್ಡಿನ ವೆಲ್ಡಿಂಗಿನವರನ್ನು ಕೂಗಿ ಕರೆದರು. ಅವರು ಬಂದರು, ಎದುರಿನ ಗ್ರೈಂಡಿಂಗಿನವರೂ ಬಂದರು. "ನಮ್ಮ ಮನೆ ಇಂಜಿನಿಯರು" ಅಂದರು ಮಾವ, ಎಷ್ಟೋ ದಿನದ ಮೇಲೆ. ಚಿಕ್ಕವಳೂ ನೋಡುತ್ತ ನಿಂತಿದ್ದಳು, ಕಣ್ಣರಳಿಸಿ. "ಅಕ್ಕ, ಹೇಗೆ ಅಕ್ಕ ಇಷ್ಟೆಲ್ಲ ನೆನಪಿಟ್ಕೊಂಡ್ರಿ!" ಅಂದಳು. ಆ ಮಾತಿನಲ್ಲಿ ಕೊಂಕು ಹುಡುಕಿದೆ. ಸಿಗಲಿಲ್ಲ.

ಆಗ ನನಗೆ ಹೊಳೆಯಿತು. ಸ್ಕ್ರೀನು ಇಲ್ಲದಿದ್ದರೆ ಅವಳು ಕಲಿಯುವುದೆಲ್ಲಿಂದ ಬಂತು? ಹಿಂದೆ ನಿಂತು ಏನು ನೋಡುತ್ತಾಳೆ, ನನ್ನ ಜಡೆಯನ್ನಾ? ಈ ಮೆಷೀನನ್ನು ಈಗ ಈ ಬೀದಿಯಲ್ಲಿ ಓಡಿಸಬಲ್ಲವಳು ನಾನೊಬ್ಬಳೇ. ದೇವರೇ, ಈ ಸ್ಕ್ರೀನು ಹೀಗೇ ಇರಲಿ ಅಂದುಕೊಂಡೆ. ಮೆಷೀನು ಕೆಟ್ಟಿತೆಂದು ಹಿಗ್ಗಿದ ಆಪರೇಟರು ನಾನೊಬ್ಬಳೇ ಇರಬೇಕು.

ಆದರೆ ಅವಳು ಸುಮ್ಮನಿರಬೇಕಲ್ಲ. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಬಂದು, "ಒಂದ್ಸಲ ನೋಡ್ಲಾ ಅಕ್ಕ?" ಅಂದಳು.

"ಓಡ್ತಿದೆಯಲ್ಲ, ಸುಮ್ನೆ ಯಾಕೆ ಕೆಣಕ್ತೀಯ?"

"ಮುಟ್ಟಲ್ಲ ಅಕ್ಕ, ಬರೀ ನೋಡ್ತೀನಿ." ಅಂದವಳೇ ತೋಳನ್ನು ಗಾಜಿನ ಹತ್ತಿರ ಒಡ್ಡಿದಳು. "ನೋಡಿ, ರೋಮ ಏಳ್ತಿಲ್ಲ. ಟೀವಿ ಹತ್ರ ಕೈ ಇಟ್ರೆ ಜುಂ ಅನ್ನುತ್ತಲ್ಲ, ಅದಿಲ್ಲ." ಆಮೇಲೆ ಎರಡೂ ಅಂಗೈ ಮರೆಮಾಡಿ, ಹಿಂಬದಿಯ ಗಾಳಿ ಕಿಂಡಿಯಿಂದ ಒಳಗೆ ಇಣುಕಿದಳು. "ಟ್ಯೂಬಿನ ಕತ್ತಿನ ಹತ್ರ ಕೆಂಪಗೆ ಒಂದು ತಂತಿ ಉರೀಬೇಕು. ಅದೂ ಇಲ್ಲ. ಟ್ಯೂಬು ಸತ್ತಿರಲಾರ್ದು ಅಕ್ಕ, ಅದಕ್ಕೆ ಕರೆಂಟು ಸೇರ್ತಿಲ್ಲ ಅಷ್ಟೆ. ಬಿಚ್ಚಿದ್ರೆ ಗೊತ್ತಾಗುತ್ತೆ."

ಬಿಚ್ಚಿದರೆ ಸರಿಹೋಗುತ್ತದೆ ಅಂತ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.  ಬಾಯಿಗೆ ಬಂದಿದ್ದನ್ನು ಹೇಳಿಬಿಟ್ಟೆ: "ಆ ಮಾನಿಟರ್ ಪ್ಲಗ್ಗು ಕಿತ್ರೆ ಮೆಷೀನು ಎಲ್ಲ ಮರೆತುಬಿಡುತ್ತೆ. ಪ್ರೋಗ್ರಾಮು, ಸೆಟ್ಟಿಂಗು, ಎಲ್ಲ. ಆಮೇಲೆ ಇದು ಬರೀ ಕಬ್ಬಿಣದ ರಾಶಿ. ಮೆಕ್ಯಾನಿಕ್ಕು ನನಗೆ ಹೇಳಿಹೋಗಿದ್ದಾನೆ."

ಶುದ್ಧ ಸುಳ್ಳು. ಮಾವನಿಗೂ ಅದನ್ನೇ ಹೇಳಿದೆ. ಅವರು ಹೆದರಿ, "ಹಾಗಾದ್ರೆ ಬೇಡ ಬಿಡಮ್ಮ" ಅಂದರು. ನಾನು ನೆಮ್ಮದಿಯಾಗಿ ಊಟ ಮಾಡಿದೆ.

ಆ ವಾರವೆಲ್ಲ ಕಪ್ಪು ಗಾಜಿನ ಮುಂದೆ ನಿಂತು ಓಡಿಸಿದೆ. ಟೂಲು ಸವೆದಾಗ ಅಳತೆ ತಿದ್ದುವುದನ್ನೂ ಬೆರಳ ಲೆಕ್ಕದಲ್ಲೇ ಮಾಡಿದೆ. ಆ ಕಡೆ ಈ ಕಡೆಯಿಂದ ಜನ ನೋಡಲು ಬರುತ್ತಿದ್ದರು. ಚಿಕ್ಕವಳು ಮೂಲೆಯಲ್ಲಿ ಕೂತು, ನಾನು ಮಾಡಿದ ಶಾಫ್ಟುಗಳ ಅಂಚಿಗೆ ಅರ ಹಾಕಿ ಕಬ್ಬಿಣದ ಮುಳ್ಳು ತೆಗೆಯುತ್ತಿದ್ದಳು. ಆ ದೃಶ್ಯ ನನಗೆ ಎಷ್ಟು ಹಿತವಾಗಿತ್ತು ಅಂದರೆ, ಆಗಾಗ ಬೇಕಂತಲೇ ತಿರುಗಿ ನೋಡುತ್ತಿದ್ದೆ.

ಆಮೇಲೆ ಮೆಷೀನು ನಿಂತಿತು. ಅರ್ಧ ಕಡಿದ ಶಾಫ್ಟು ಚಕ್ಕಿನಲ್ಲಿ, ಮೆಷೀನಿನ ತಲೆ ಮೇಲೆ ಕೆಂಪು ದೀಪ. ಅಲಾರಮ್ಮು. ಯಾವ ಅಲಾರಮ್ಮು? ಅದನ್ನು ಹೇಳುವುದು ಸ್ಕ್ರೀನು, ಸ್ಕ್ರೀನೇ ಇಲ್ಲ. ಬಾಗಿಲು ತೆಗೆದು ಹಾಕಿದೆ. ಗಾಳಿಯ ಒತ್ತಡ ನೋಡಿದೆ. ಎಣ್ಣೆ ಡಬ್ಬಿ ನೋಡಿದೆ, ತುಂಬಿತ್ತು. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಕೆಂಪು. ಬೆರಳಿಗೆ ಬಾಯಿಪಾಠ ಇದ್ದಿದ್ದೆಲ್ಲ ಆ ಹೊತ್ತಿಗೆ ಏನೂ ಕೆಲಸಕ್ಕೆ ಬರಲಿಲ್ಲ. ಹೊರಗೆ ನಮ್ಮವರು ಗಾಡಿ ತಂದು ನಿಲ್ಲಿಸಿ, "ಇನ್ನೆಷ್ಟೊತ್ತು? ಅಲ್ಲಿ ಗಿರಾಕಿಯ ಫ್ಯಾಕ್ಟರಿ ಲೈನೇ ನಿಂತಿದೆ. ಇವತ್ತು ತಲುಪದಿದ್ರೆ ಇನ್ಮೇಲೆ ನಮ್ಮ ಕಡೆ ತಿರುಗಿ ನೋಡಲ್ಲ ಅವರು" ಅಂತ ಕೂಗುತ್ತಿದ್ದರು. ಒಬ್ಬರೇ ದೊಡ್ಡ ಗಿರಾಕಿ ನಮಗೆ. ಅವರು ಹೋದರೆ ಶೆಡ್ಡಿಗೆ ಬೀಗವೇ.

ಮಾವ ನನ್ನ ಕಡೆ ನೋಡಲಿಲ್ಲ. "ಚಿಕ್ಕವಳೇ, ಬಾರಮ್ಮ. ಬಿಚ್ಚು ಅದನ್ನ."

"ಮಾವ, ಪ್ಲಗ್ಗು ಕಿತ್ರೆ..." ಅಂತ ನಾನು ಶುರುಮಾಡಿದೆ.

"ಮಾವ, ಟೀವಿ ಪ್ಲಗ್ಗು ಕಿತ್ರೆ ಸ್ಟೇಷನ್ನು ನಿಂತುಹೋಗುತ್ತಾ?" ಅಂದಳು ಅವಳು, ಮೆತ್ತಗೆ. ಮೈದುನ ಕಿಸಕ್ಕನೆ ನಕ್ಕ. 

ಮೇನ್ ಆಫ್ ಮಾಡಿ, ಮಾನಿಟರು ಹೊರಗೆಳೆದು ಬೆಂಚಿನ ಮೇಲಿಟ್ಟಳು. ಫ್ಯೂಸು ನೋಡಿದಳು, ಸರಿಯಿತ್ತು. ಒಂದು ಗಳಿಗೆ ಮೇನ್ ಹಾಕಿಸಿ, ಮೀಟರಿನ ಕಡ್ಡಿ ಇಟ್ಟು ಮೆಷೀನಿನಿಂದ ಬರುವ ವಯರಿನಲ್ಲಿ ಕರೆಂಟು ಬರುತ್ತಿದೆಯಾ ಅಂತ ನೋಡಿದಳು, ಬರುತ್ತಿತ್ತು; ಮತ್ತೆ ಆಫ್ ಮಾಡಿಸಿದಳು. "ಅಂದ್ರೆ ಕಾಯಿಲೆ ಇದರ ಹೊಟ್ಟೆಯೊಳಗೇ ಇದೆ" ಅಂತ ಹಿಂಬದಿ ಕವಚ ತೆಗೆದಳು. ಮೊದಲು ಸ್ಕ್ರೂಡ್ರೈವರಿಗೆ ವಯರು ಕಟ್ಟಿ ಟ್ಯೂಬಿಗೆ ತಾಗಿಸಿದಳು, ಚಟ್ ಅಂತ ಕಿಡಿ ಹಾರಿತು. "ವಾರಗಟ್ಟಲೆ ಸುಮ್ನಿದ್ರೂ ಒಂದೊಂದ್ಸಲ ಇದರೊಳಗೆ ಕರೆಂಟು ಕೂತಿರುತ್ತೆ. ಇದನ್ನ ಇಳಿಸದೆ ಯಾರೂ ಕೈಹಾಕ್ಬಾರ್ದು." ಭೂತಗನ್ನಡಿ ಹಿಡಿದು ಬೋರ್ಡಿನ ತಳ ನೋಡುತ್ತ ಹೋದಳು. ನೋಡುತ್ತ ನೋಡುತ್ತ ಒಂದು ಕಡೆ ನಿಂತಳು. "ಬನ್ನಿ ಅಕ್ಕ, ನೋಡಿ." ದಪ್ಪ ಕಾಯಿಲಿನ ಕಾಲ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಒಂದು ಬಿರುಕು. "ಲೇಥಿನ ಅದುರಾಟಕ್ಕೆ ಬಿಟ್ಟುಕೊಂಡಿದೆ. ಇಷ್ಟೇ."

ಬೆಸುಗೆ ಕಡ್ಡಿ ಕಾಯಿಸಿ ಮುಟ್ಟಿಸಿದಳು. ಹೊಗೆ ಎದ್ದಿತು. ಮಾನಿಟರು ವಾಪಸ್ಸು ಕೂರಿಸಿ ಮೇನ್ ಹಾಕಿದಳು. ಹಸಿರು ಅಕ್ಷರಗಳು ನಿಧಾನಕ್ಕೆ ಎದ್ದು ಬಂದವು. ಪ್ರೋಗ್ರಾಮುಗಳೆಲ್ಲ ಇದ್ದಲ್ಲೇ ಇದ್ದವು. ನನ್ನ ಸುಳ್ಳು ಎಲ್ಲರ ಕಣ್ಣೆದುರಿಗೆ ಮಿರಮಿರ ಹೊಳೆಯುತ್ತಿತ್ತು.  ಮಾವ ಅವಳ ತಲೆ ಮೇಲೆ ಕೈಯಿಟ್ಟು, "ನಮ್ಮ ಮನೆ ಇಂಜಿನಿಯರು ಅಂದ್ರೆ ಇವಳು" ಅಂದರು. 

ಸ್ಕ್ರೀನು ಹೇಳಿತು, ಅಲಾರಮ್ಮು ಎಣ್ಣೆಯದ್ದೇ. ಡಬ್ಬಿ ತುಂಬಿದ್ದರೂ ಒಳಗಿನ ತೇಲುಬುರುಡೆ ಅಂಟಿಕೊಂಡಿತ್ತು. ತಟ್ಟಿದೆ, ಕೆಂಪು ದೀಪ ಆರಿತು. ನಮ್ಮವರು, "ಸದ್ಯ!" ಅಂದರು.

"ಅಕ್ಕ, ಈ ಮೂಲೇಲಿ ಏನೋ ಮಿನುಗ್ತಿದೆಯಲ್ಲ?" ಅಂದಳು ಚಿಕ್ಕವಳು.

ನೋಡಿದೆ. 'ಬ್ಯಾಟ್' ಅಂತ ಇಂಗ್ಲಿಷಿನ ಮೂರಕ್ಷರ, ಅಂದರೆ ಬ್ಯಾಟರಿ. ಕರೆಂಟು ಇಲ್ಲದಾಗ ಮೆಷೀನಿನ ನೆನಪು ಉಳಿಸುವುದು ಒಳಗಿನ ನಾಲ್ಕು ಟಾರ್ಚು ಸೆಲ್ಲು. ಅವು ಸೋತಾಗ ಮೂಲೆಯಲ್ಲಿ ಹೀಗೆ ಮಿನುಗುತ್ತದೆ. ಮಿನುಗಿದಾಗಲೆಲ್ಲ ನಾನೇ, ಯಾರೂ ಇಲ್ಲದ ಹೊತ್ತು ನೋಡಿ, ಬದಲಿಸಿಬಿಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಗೊತ್ತಿರುವವಳು ನಾನೊಬ್ಬಳೇ ಆಗಿರಲಿ ಅಂತಲೇ ಹೇಳಿರಲಿಲ್ಲ. ಈ ವಾರ ಎಷ್ಟು ದಿನದಿಂದ ಮಿನುಗುತ್ತಿತ್ತೋ, ಕತ್ತಲಲ್ಲಿ ಕಂಡವರಾರು?

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಹಿಂದಿನ ಪೆಟ್ಟಿಗೆ ತೆರೆದು ಸೆಲ್ಲುಗಳ ಮುಚ್ಚಳ ತಾನೇ ಹುಡುಕಿದಳು. "ಅಯ್ಯೋ, ಬಿಳಿ ಪುಡಿ ಬಂದಿದೆ, ಇನ್ನೇನು ಸಾಯೋ ಹಂಗಿದೆ" ಅಂದಳು. ಮೈದುನ ಅಂಗಡಿಗೆ ಓಡಿ ಹೊಸ ಸೆಲ್ಲು ತಂದ. ಅವಳು ಕೈ ಒರೆಸಿಕೊಂಡು ಮೇನ್ ಸ್ವಿಚ್ಚಿನ ಕಡೆ ನಡೆದಳು. "ಒಳಗೆ ಕೈಹಾಕೋ ಮುಂಚೆ ಮೇನ್ ಆಫ್. ನಮ್ಮಪ್ಪ ಕಲಿಸಿದ ಮೊದಲ್ನೇ ಪಾಠ."

ಟೀವಿಗೆ ಅದು ಸರಿ. ಈ ಮೆಷೀನಿಗೆ ಅದೇ ವಿಷ. ಈ ಸೆಲ್ಲು ಬದಲಿಸುವುದು ಆನ್ ಇದ್ದಾಗಲೇ. ಆಫ್ ಮಾಡಿ ಸೆಲ್ಲು ತೆಗೆದರೆ ನೆನಪು ಹಿಡಿದಿಡಲು ಏನೂ ಇರುವುದಿಲ್ಲ, ಪ್ರೋಗ್ರಾಮು, ಸೆಟ್ಟಿಂಗು, ಎಲ್ಲ ತೊಳೆದುಹೋಗುತ್ತದೆ. ಮೆಕ್ಯಾನಿಕ್ಕು ನಿಜವಾಗಿ ಹೇಳಿಹೋಗಿದ್ದು ಇದನ್ನು.

ನಾನು ಸುಮ್ಮನಿದ್ದೆ. ಹೌದು, ಸುಮ್ಮನಿದ್ದೆ. ಅವಳು ನಡೆದು ಹೋಗುವಷ್ಟು ಹೊತ್ತು ನಾನು ಬಾಯಿ ಬಿಡಲಿಲ್ಲ. ಎಳೆಯಲಿ ಅಂದುಕೊಂಡೆ. ಎಳೆಯಲಿ, ಮೆಷೀನು ಸಾಯಲಿ, ಆಮೇಲೆ ಇವರೆಲ್ಲ ಯಾರನ್ನು ಇಂಜಿನಿಯರು ಅನ್ನುತ್ತಾರೋ ನೋಡೋಣ. ಅವಳ ಕೈ ಹಿಡಿಯ ಮೇಲೆ ಕೂತಿತು. ಹಸಿರು ಅಕ್ಷರಗಳ ಕಡೆ ನೋಡಿದೆ. ಒಂದೊಂದು ಸಾಲೂ ನಾನು ಒತ್ತಿ ಒತ್ತಿ ತುಂಬಿದ್ದು.

"ಬೇಡ! ಆಫ್ ಮಾಡ್ಬೇಡ! ಎಲ್ಲ ಮರೆತುಬಿಡುತ್ತೆ!"

ಎಲ್ಲರೂ ನನ್ನ ಕಡೆ ತಿರುಗಿದರು. ಮಾವನ ಮುಖ ಗಂಟಾಯಿತು. "ಸಾಕಮ್ಮ. ಪ್ಲಗ್ಗು ಕಿತ್ರೂ ಮರೆಯುತ್ತೆ ಅಂದೆ. ಮರೀತಾ?"

"ಅದು ಸುಳ್ಳು ಮಾವ. ಇದು ನಿಜ. ಸೆಲ್ಲು ಆನ್ ಇದ್ದಾಗ್ಲೇ ಹಾಕ್ಬೇಕು. ನಾನೇ ಇಷ್ಟು ವರ್ಷ ಹಾಕ್ಕೊಂಡು ಬಂದಿದ್ದೀನಿ."

"ಯಾರಿಗೂ ಹೇಳ್ದೆ? ಯಾರೂ ನೋಡ್ದೆ?"

 ನಮ್ಮವರ ಕಡೆ ನೋಡಿದೆ. ಅವರು ಗಾಡಿಯ ಬೀಗದಕೈ ಆಡಿಸುತ್ತ, "ಬಿಡೇ, ಅವಳ ಕೆಲಸ ಅವಳು ಮಾಡ್ಲಿ. ಹೊತ್ತಾಗ್ತಿದೆ" ಅಂದರು. ಕಟ್ಟಿಕೊಂಡವರೇ ಹೀಗಂದ ಮೇಲೆ ಮುಗಿಯಿತು. ಹೋಗಿ ಸ್ವಿಚ್ಚಿಗೆ ಅಡ್ಡ ನಿಂತೆ.

ಚಿಕ್ಕವಳ ಕಣ್ಣು ತುಂಬಿತ್ತು. "ಅಕ್ಕ, ನಾನು ಇದನ್ನ ಮುಟ್ಟೋದು ನಿಮಗೆ ಇಷ್ಟ ಇಲ್ಲ. ಅದನ್ನಾದ್ರೂ ನೇರವಾಗಿ ಹೇಳ್ಬಾರ್ದಾ?"

"ಇಷ್ಟ ಇಲ್ಲ ಕಣೇ!" ಅಂದೆ. ದನಿ ಎಲ್ಲಿಂದ ಬಂತೋ. "ನೀನು ಬಂದಾಗಿಂದ ಹೊಟ್ಟೆ ಉರ್ಕೊಂಡು ಸಾಯ್ತಿದ್ದೀನಿ. ಸ್ಕ್ರೀನು ಸರಿಹೋಗ್ದೇ ಇರ್ಲಿ ಅಂತ ಬೇಡ್ಕೊಂಡೆ. ಈಗ ನೀನು ಸ್ವಿಚ್ಚು ಎಳೀಲಿ, ಹಾಳಾಗ್ಲಿ ಅಂತ್ಲೂ ಅಂದ್ಕೊಂಡೆ. ಆಯ್ತಾ? ಮೆಷೀನು ನೀನೇ ಇಟ್ಕೋ. ಇವತ್ತಿಂದ ನಾನು ಅದರ ಮುಂದೆ ನಿಲ್ಲಲ್ಲ, ಮಾವನ ಎದುರಿಗೇ ಹೇಳ್ತಿದ್ದೀನಿ. ಅರ ಹಾಕ್ಕೊಂಡು ಮೂಲೇಲಿ ಬಿದ್ದಿರ್ತೀನಿ. ಆದ್ರೆ ಆಫ್ ಮಾತ್ರ ಮಾಡ್ಬೇಡ."

 ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಹಿಡಿ ಬಿಟ್ಟಳು.

"ಆನ್ ಇದ್ದಾಗ್ಲೇನಾ?" ಅಂದಳು.

"ಹೂಂ. ಒಂದೊಂದೇ ತೆಗಿ, ಒಂದೊಂದೇ ಹಾಕು. ಮೊನೆ ಎಡಕ್ಕೆ."

ಟ್ಯೂಬಿನ ಕಿಡಿಗೆ ಹೆದರದವಳು ಆ ಟಾರ್ಚು ಸೆಲ್ಲಿಗೆ ಒಂದು ಸಲ ಕೈ ಚಾಚಿ ಹಿಂದೆಗೆದು, ಆಮೇಲೆ ಮುಟ್ಟಿದಳು. ಅಪ್ಪನ ಮೊದಲ ಪಾಠವನ್ನು ಮೀರುತ್ತಿದ್ದಳಲ್ಲ. ಕೊನೆಯದು ಕೂತ ಮೇಲೆ ಮೂಲೆಯ ಮಿನುಗು ನಿಂತಿತು. ಎಲ್ಲ ಇದ್ದ ಹಾಗೇ ಇತ್ತು. ಉಳಿದ ಶಾಫ್ಟುಗಳನ್ನು ಅವಳೇ ಓಡಿಸಿದಳು. ನಾನು ಪಕ್ಕದಲ್ಲಿ ನಿಂತು, ಈ ಸಲ ಅಡ್ಡ ನಿಲ್ಲದೆ, ಗುಂಡಿ ಗುಂಡಿ ಹೇಳಿಕೊಟ್ಟೆ. ಗಾಡಿ ಹೊರಟಿತು. ಗಿರಾಕಿ ಉಳಿದರು.

ಮನಸ್ಸಿನ ಮೂಲೆಯಲ್ಲಿ ಒಂದಾಸೆ ಇತ್ತು, ಸುಳ್ಳೇಕೆ ಹೇಳಲಿ. ಯಾರಾದರೂ "ಹೋಗ್ಲಿ ಬಿಡು, ನೀನೇ ಓಡಿಸು" ಅಂತಾರೆ ಅಂತ. ಮಾವ ಅಂದಿದ್ದು, "ನೀನೇ ಬಾಯ್ಬಿಟ್ಟು ಹೇಳಿದ್ದೀಯ. ಹಾಗೇ ಆಗ್ಲಿ" ಅಂತ. ಚಿಕ್ಕವಳೂ ಬೇಡ ಅನ್ನಲಿಲ್ಲ. ಎಷ್ಟಾದರೂ ಅವಳಿಗೂ ಆಸೆ ಇತ್ತಲ್ಲ.

ಈಗ ನಾನು ಮೂಲೆಯ ಬೆಂಚಿನಲ್ಲಿ ಅರ ಹಾಕುತ್ತೇನೆ. ಸಿಎನ್‌ಸಿ ಅವಳದ್ದು. ಅವತ್ತಿನ ವಿಷಯ ಬಂದರೆ ಮಾವ ಈಗಲೂ ಪಕ್ಕದ ಶೆಡ್ಡಿನವರಿಗೆ, "ದೊಡ್ಡವಳಿಗೆ ಸ್ವಲ್ಪ ಹೊಟ್ಟೆಕಿಚ್ಚು, ಸೆಲ್ಲಿನ ನೆಪ ಮಾಡಿ ಅಡ್ಡ ನಿಂತ್ಲು" ಅಂತಲೇ ಹೇಳುವುದು. ಏನೂ ಹಾಳಾಗಲಿಲ್ಲವಲ್ಲ, ಹಾಗಾಗಿ ಏನು ಹಾಳಾಗುತ್ತಿತ್ತು ಅಂತ ಯಾರಿಗೆ ಗೊತ್ತಾಗಬೇಕು? ನಾನು ನಿಜ ಹೇಳಿದ್ದೆ ಅಂತ ತೋರಿಸುವುದಕ್ಕೆ ಒಂದೇ ದಾರಿ, ಆ ಮೆಷೀನನ್ನು ಕೊಂದು ತೋರಿಸಬೇಕು.

ನಿನ್ನೆ ಟೀ ಹೊತ್ತಿನಲ್ಲಿ ಎಲ್ಲರೂ ಒಳಗೆ ಹೋಗಿದ್ದಾಗ ಚಿಕ್ಕವಳು ಬೆಂಚಿನ ಹತ್ತಿರ ಬಂದಳು. "ಅಕ್ಕ, ಅವತ್ತು ನೀವು ಹೇಳಿದ್ದು ನಿಜಾನಾ?" ಅಂದಳು.

ಮೈಯೆಲ್ಲ ಉರಿಯಿತು. ನಂಬದೆಯೇ ಅವತ್ತು ಸ್ವಿಚ್ಚಿನಿಂದ ಕೈ ತೆಗೆದಿದ್ದಳಾ ಇವಳು? ಅರ ಕೆಳಗಿಟ್ಟೆ. "ಹೋಗು, ಮೇನ್ ಆಫ್ ಮಾಡಿ ಸೆಲ್ಲು ತೆಗೆದು ನೋಡು. ಯಾರೂ ಇಲ್ಲ ಈಗ. ನಾನು ಅಡ್ಡ ಬರಲ್ಲ."

ಅವಳು ಮೆಷೀನಿನ ಕಡೆ ನೋಡಿದಳು. ಸ್ವಿಚ್ಚಿನ ಕಡೆ ನೋಡಿದಳು.  

"ಬೇಡ ಅಕ್ಕ" ಅಂತ ಹೇಳಿ ಹೋಗಿ ಮುಂದಿನ ಶಾಫ್ಟು ಚಕ್ಕಿಗೆ ಹಾಕಿದಳು.